ಉಭಯ ಕುಶಲೋಪರಿ: ರಣಭೂಮಿಯ ಪತ್ರವೂ ಸತ್ಯಾಣುವ್ರತವೂ

ನಮ್ಮ ಹಿರಿಯರು ಪತ್ರ ಬರೆಯುವಾಗ ಮೊದಲು ಜಿನಸ್ಮರಣೆ ಮಾಡಿ, ತೀರ್ಥರೂಪರಿಗೂ ಮಾತೃಶ್ರೀಯವರಿಗೂ ನಮಸ್ಕಾರಗಳನ್ನು ಅರ್ಪಿಸಿ, ‘ಉಭಯ ಕುಶಲೋಪರಿ’ ಎಂದು ಬರೆದ ನಂತರವೇ ವಿಷಯಕ್ಕೆ ಬರುತ್ತಿದ್ದರು. ಇಲ್ಲಿ ನಾನು ಕುಶಲ, ಅಲ್ಲಿ ನೀವೂ ಕುಶಲವೆಂದು ನಂಬಿದ್ದೇನೆ ಎಂಬುದು ಅದರ ಭಾವ. ಬರೆಯುವವನಿಗೆ ಜ್ವರವಿದ್ದರೂ ಈ ಪದ ಬರುತ್ತಿತ್ತು. ಓದುವವರ ಮನೆಯಲ್ಲಿ ಸೂತಕವಿದ್ದರೂ ಅದನ್ನು ಯಾರೂ ಸುಳ್ಳೆಂದು ತಿಳಿಯುತ್ತಿರಲಿಲ್ಲ. ಆದರೆ ಆ ಪತ್ರ ಸಮುದ್ರದಾಚೆಯ ರಣಭೂಮಿಯಿಂದ ಬಂದಾಗ, ಬರೆದ ಮಗ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ, ಆ ಒಂದು ಪದದ ಭಾರ ಬೇರೆಯಾಗುತ್ತದೆ. ಸತ್ಯಾಣುವ್ರತವನ್ನು ಕೈಕೊಂಡ ಶ್ರಾವಕನ ಮಗ ಹಾಗೆ ಬರೆಯಬಹುದೆ?

ಈ ಪ್ರಶ್ನೆ ಗ್ರಂಥದಿಂದ ಎದ್ದದ್ದಲ್ಲ. ಅರಸೀಕೆರೆ ಸೀಮೆಯ ಒಂದು ಹಳ್ಳಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ವೃದ್ಧ ಶ್ರಾವಕಿಯೊಬ್ಬರು ನನ್ನ ಮುಂದೆ ಒಂದು ಬಟ್ಟೆಯ ಗಂಟನ್ನು ಬಿಚ್ಚಿದರು. ಅದರೊಳಗೆ ನೀಲಿ ಬಣ್ಣದ ಇನ್‌ಲ್ಯಾಂಡ್ ಪತ್ರಗಳಿದ್ದವು. ಅವರ ಮಗ ಸೇನೆಯಲ್ಲಿ ಜವಾನನಾಗಿದ್ದು, 1987ರಲ್ಲಿ ಶಾಂತಿಪಾಲನಾ ಪಡೆಯೊಡನೆ ಶ್ರೀಲಂಕೆಗೆ ಹೋದವರು. ಆ ವರ್ಷದ ಜುಲೈ 29ರ ಒಪ್ಪಂದದ ಮೇಲೆ ಹೋದ ಆ ಪಡೆ ಅಕ್ಟೋಬರಿನಲ್ಲಿ ಜಾಫ್ನಾದ ಘೋರ ಕದನಕ್ಕೆ ಸಿಕ್ಕಿ, 1990ರ ಮಾರ್ಚಿನಲ್ಲಿ ಹಿಂದಿರುಗುವ ವೇಳೆಗೆ ಸುಮಾರು 1,200 ಯೋಧರನ್ನು ಕಳೆದುಕೊಂಡಿತ್ತು.

ತಾಯಿ ಒಂದು ಪತ್ರವನ್ನು ತೆಗೆದು ಹೇಳಿದರು: “ನೋಡಿ, ಇದರಲ್ಲಿ ‘ನಾನು ಚೆನ್ನಾಗಿದ್ದೇನೆ, ಇಲ್ಲಿಯ ತೆಂಗಿನ ತೋಟ ನೋಡಿದರೆ ನಮ್ಮೂರೇ ನೆನಪಾಗುತ್ತದೆ’ ಅಂತ ಬರೆದಿದ್ದಾನೆ. ಇದನ್ನು ಬರೆದಾಗ ಅವನಿದ್ದದ್ದು ಆಸ್ಪತ್ರೆಯಲ್ಲಿ. ತೊಡೆಗೆ ಗುಂಡು ಬಿದ್ದಿತ್ತು. ಅದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನೀವು ಓದಿದವರು, ಹೇಳಿ. ಅವನಿಗೆ ಇದರಿಂದ ಪಾಪಬಂಧವಾಯಿತೆ? ಆಗಿದ್ದರೆ ಅದರಲ್ಲಿ ನನ್ನ ಪಾಲೆಷ್ಟು?”

ಕೊನೆಯ ಮಾತಿನ ಅರ್ಥ ನನಗೆ ಕೂಡಲೇ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮಗ ಲಂಕೆಗೆ ಹೊರಟ ದಿನದಿಂದ ಅವರು ಒಂದು ನಿಯಮ ಹಿಡಿದಿದ್ದರು. ಮಗ ಕ್ಷೇಮವೆಂಬ ಪತ್ರ ಬಂದ ವಾರ ಮಾತ್ರ ತುಪ್ಪ ಮತ್ತು ಬೆಲ್ಲ, ಇಲ್ಲವಾದರೆ ಅವೆರಡರ ತ್ಯಾಗ. ಈ ನಿಯಮವನ್ನು ಅವರು ಪತ್ರದಲ್ಲಿ ಮಗನಿಗೂ ಬರೆಸಿದ್ದರು. ಇನ್ನೊಂದು ಸಂಗತಿಯೂ ಇತ್ತು. ಮರುವರ್ಷ ಮನೆಯ ಯಜಮಾನರು ಹಾಸಿಗೆ ಹಿಡಿದರು. ಯುದ್ಧದಲ್ಲಿರುವ ಮಗನ ಮನಸ್ಸು ಕದಡಬಾರದೆಂದು ತಾಯಿ ಅದನ್ನು ಬರೆಯಗೊಡಲಿಲ್ಲ. “ನಾವೆಲ್ಲ ಕ್ಷೇಮ” ಎಂದೇ ಪತ್ರಗಳು ಹೋದವು. ಕೊನೆಗೆ ತಂತಿ ಹೋಯಿತು. ಮಗ ಮನೆ ಮುಟ್ಟಿದ್ದು ಅಂತ್ಯಸಂಸ್ಕಾರವಾದ ನಾಲ್ಕನೆಯ ದಿನ.

ಹೀಗೆ ಎರಡೂ ಕಡೆಯಿಂದ ಕುಶಲದ ಪತ್ರಗಳು ಹೋಗಿ ಬಂದವು, ಆದರೆ ಕುಶಲ ಮಾತ್ರ ಎರಡೂ ಕಡೆ ಇರಲಿಲ್ಲ. ಇದು ಒಂದು ಮನೆಯ ಕಥೆ ಮಾತ್ರವಲ್ಲವಾದುದರಿಂದ ಇದನ್ನು ಧರ್ಮದೃಷ್ಟಿಯಿಂದ ವಿಚಾರಿಸುವುದು ಉಚಿತ.

ಕಡಲಾಚೆಯ ಯುದ್ಧ ನಮ್ಮ ನಾಡಿಗೆ ಹೊಸದಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1914ರ ಕೊನೆಯ ತಿಂಗಳುಗಳಲ್ಲಿ, ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಕೂಡಿ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡಿತು. ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದರೆ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಫಿರಂಗಿಗಳನ್ನು ಹಿಡಿದರು. ದೆಹಲಿಯ ತೀನ್‌ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬನು ಮೈಸೂರಿನವನು. ಅಂದಿನ ಯೋಧರ ಹೆಸರುಗಳಿಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಸ್ಮಾರಕವಿದೆ.

ಅದೇ ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಓದಿ ಪರೀಕ್ಷಿಸಲು ಬ್ರಿಟಿಷರು ಪ್ರತ್ಯೇಕ ಕಚೇರಿಯನ್ನೇ ಇಟ್ಟಿದ್ದರು. ಅಲ್ಲಿ ಅನುವಾದಿಸಿ ಸಂಗ್ರಹಿಸಿದ ಭಾಗಗಳು ಇಂದಿಗೂ ಲಂಡನ್ನಿನಲ್ಲಿವೆ. ಅನೇಕ ಸಿಪಾಯಿಗಳಿಗೆ ಓದುಬರಹ ಬರುತ್ತಿರಲಿಲ್ಲ. ಬರೆಯಬಲ್ಲ ಜೊತೆಗಾರನಿಗೆ ಹೇಳಿ ಬರೆಸುತ್ತಿದ್ದರು. ಊರಿನಲ್ಲಿ ಮತ್ತೊಬ್ಬರು ಅದನ್ನು ಜಗಲಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದರು. ಮಗನ ಮನಸ್ಸಿನಿಂದ ತಾಯಿಯ ಕಿವಿಗೆ ಬರುವ ಮೊದಲು ಆ ಮಾತು ಎಷ್ಟು ಜನರನ್ನು ದಾಟಬೇಕಾಗಿತ್ತು! ಕೆಲವರು ಸಂಕೇತವನ್ನು ಹೂಡಿದರು. ಕರಿಮೆಣಸು ಮುಗಿಯುತ್ತಾ ಬಂದಿದೆ ಎಂದರೆ ಭಾರತೀಯ ಸೈನಿಕರು ಕಡಿಮೆಯಾಗುತ್ತಿದ್ದಾರೆಂದು ಅರ್ಥ. ಕೆಂಪು ಮೆಣಸು ಎಂದರೆ ಆಂಗ್ಲ ಸೈನಿಕರು.

ಬ್ರಿಟಿಷ್ ಸೇನೆಯಲ್ಲಿ ಒಂದು ಮುದ್ರಿತ ಕಾರ್ಡೂ ಬಳಕೆಯಲ್ಲಿತ್ತು. ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ಗಾಯಗೊಂಡಿದ್ದೇನೆ, ಗುಣವಾಗುತ್ತಿದೆ ಎಂಬಂಥ ವಾಕ್ಯಗಳು ಅದರಲ್ಲಿ ಅಚ್ಚಾಗಿದ್ದವು. ಬೇಡದ್ದನ್ನು ಹೊಡೆದುಹಾಕಿ, ತಾರೀಖು ಹಾಕಿ ರುಜು ಮಾಡಬೇಕು. ಬೇರೆ ಒಂದು ಮಾತನ್ನು ಸೇರಿಸಿದರೂ ಕಾರ್ಡನ್ನು ನಾಶಮಾಡುತ್ತಿದ್ದರು. ಅದರಲ್ಲಿ ನೋವಿಗೆ ಜಾಗವಿರಲಿಲ್ಲ, ಆದರೆ ಸುಳ್ಳಿಗೂ ಅವಶ್ಯಕತೆ ಇರಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಶಾಸ್ತ್ರದ ಕಡೆ ಬರೋಣ. ಮೊದಲು ಏಳುವ ಆಕ್ಷೇಪ ಇದು: ಕೊಲ್ಲಲು ಹೊರಟವನಿಗೆ ಪತ್ರದಲ್ಲಿಯ ಸತ್ಯಾಸತ್ಯದ ವಿಚಾರ ಏಕೆ? ಈ ಆಕ್ಷೇಪ ನಮ್ಮ ಶ್ರಾವಕಾಚಾರವನ್ನು ಅರಿಯದೆ ಹೊರಟದ್ದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕು. ಉಳಿದವನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು. ದೇಶರಕ್ಷಣೆಗೆ ನಿಂತವನಿಗೆ ವಿರೋಧೀ ಹಿಂಸೆ ಅನಿವಾರ್ಯವಾಗಬಹುದು. ಅದರಿಂದ ಕರ್ಮಬಂಧವೇ ಇಲ್ಲವೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಆದರೆ ಒಂದು ವ್ರತ ಸಡಿಲವಾಯಿತೆಂದು ಉಳಿದ ನಾಲ್ಕನ್ನೂ ಕೈಬಿಡಬಹುದೆಂದೂ ಯಾರೂ ಹೇಳಲಿಲ್ಲ.

ನಮ್ಮ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು 1220ರಲ್ಲಿ ಕಟ್ಟಿಸಿದ ರೇಚರಸ ದಂಡನಾಯಕನಾಗಿದ್ದವನು. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಸ್ಮರಣೆಗೆ 1133ರಲ್ಲಿ ಅವನ ಮಗ ಬೊಪ್ಪ ಕಟ್ಟಿಸಿದ್ದು. ಇವರೆಲ್ಲರಿಗಿಂತ ಹಿಂದಿನವನು ಚಾವುಂಡರಾಯ. ರಣರಂಗದ ಬಿರುದುಗಳ ಜೊತೆಗೆ ಅವನಿಗೆ ‘ಸತ್ಯಯುಧಿಷ್ಠಿರ’ ಎಂಬ ಬಿರುದೂ ಇತ್ತು. ಕತ್ತಿ ಹಿಡಿದ ಕೈಯ ಮಾತು ಸತ್ಯವಾಗಿರಬಹುದೆಂಬುದನ್ನು ಈ ನೆಲ ಸಾವಿರ ವರ್ಷದ ಹಿಂದೆಯೇ ನಂಬಿತ್ತು.

ಆ ಚಾವುಂಡರಾಯನಿಗಾಗಿ ನೇಮಿಚಂದ್ರಾಚಾರ್ಯರು ರಚಿಸಿದ ಗೊಮ್ಮಟಸಾರದಲ್ಲಿ ವಚನವು ಸತ್ಯ, ಅಸತ್ಯ, ಉಭಯ, ಅನುಭಯ ಎಂದು ನಾಲ್ಕು ಬಗೆಯಾಗಿದೆ. ಕರೆಯುವುದು, ಬೇಡುವುದು, ಕೇಳುವುದು ಮೊದಲಾದ ಮಾತುಗಳು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ಅವು ಅನುಭಯ. ರೂಢಿಯಲ್ಲಿ ಬರೆಯುವ ‘ಉಭಯ ಕುಶಲೋಪರಿ’ಯನ್ನು ಈ ಗುಂಪಿಗೆ ಸೇರಿಸಬಹುದೆಂದು ನನ್ನ ಅಭಿಪ್ರಾಯ. ಅದು ನಮಸ್ಕಾರದಂತೆ ಒಂದು ಆಹ್ವಾನ. ಆದರೆ ‘ತೊಡೆಗೆ ಏನೂ ಆಗಿಲ್ಲ’ ಎಂಬುದು ಹಾಗಲ್ಲ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಇರುವುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು, ಒಂದನ್ನು ಇನ್ನೊಂದೆನ್ನುವುದು, ಮತ್ತು ನಿಂದ್ಯವೂ ಪಾಪಕರವೂ ಅಪ್ರಿಯವೂ ಆದ ಮಾತನ್ನಾಡುವುದು. ಗಾಯವಿದ್ದರೂ ಇಲ್ಲವೆಂದರೆ ಮೊದಲನೆಯದು, ಸಿಗದ ಊಟವನ್ನು ಸಿಗುತ್ತದೆಂದರೆ ಎರಡನೆಯದು, ಆಸ್ಪತ್ರೆಯನ್ನು ವಿಶ್ರಾಂತಿ ಶಿಬಿರವೆಂದರೆ ಮೂರನೆಯದು. ಯೋಧನ ಪತ್ರದಲ್ಲಿ ಮೂರೂ ಬರುವ ಸಂಭವವಿದೆ. ಆದರೆ ಅಸತ್ಯ ಪಾಪವಾಗುವುದು ಪ್ರಮತ್ತಯೋಗದಿಂದ, ಅಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನದಿಂದ ಎಂದು ಅದೇ ಆಚಾರ್ಯರು ಹೇಳುತ್ತಾರೆ. ಆದುದರಿಂದ ಅಕ್ಷರವನ್ನು ಮಾತ್ರ ನೋಡಿ ತೀರ್ಪು ಕೊಡಲಾಗದು, ಬರೆದವನ ಭಾವವನ್ನೂ ನೋಡಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಸೂಕ್ಷ್ಮವಾಗಿದೆ. ಸತ್ಯಾಣುವ್ರತಿ ಸ್ಥೂಲವಾದ ಸುಳ್ಳನ್ನು ತಾನು ಹೇಳುವುದಿಲ್ಲ, ಪರರಿಂದಲೂ ಹೇಳಿಸುವುದಿಲ್ಲ, ಮತ್ತೊಬ್ಬರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡುವುದಿಲ್ಲ ಎಂಬುದು ಅವರ ಅಭಿಪ್ರಾಯ. ಈ ಮೂರರಲ್ಲಿ ಕೊನೆಯದನ್ನು ನಾವು ಬಹುಬೇಗ ನೆನೆಯುತ್ತೇವೆ, ನಡುವಿನದನ್ನು ಮರೆಯುತ್ತೇವೆ. ಆ ತಾಯಿಯ ಪ್ರಶ್ನೆ ನಡುವಿನದಕ್ಕೆ ಸಂಬಂಧಿಸಿದ್ದು.

ಈ ವ್ರತದ ಅತಿಚಾರಗಳಲ್ಲಿ ಎರಡು ಪತ್ರ ಬರೆಯುವ ಯೋಧನಿಗೆ ನೇರವಾಗಿ ಅನ್ವಯಿಸುತ್ತವೆ. ಒಂದು ಕೂಟಲೇಖಕ್ರಿಯೆ, ಅಂದರೆ ಮೋಸಕ್ಕಾಗಿ ಸುಳ್ಳು ಬರಹವನ್ನು ಮಾಡುವುದು. ಇನ್ನೊಂದು ಸಾಕಾರಮಂತ್ರಭೇದ, ಅಂದರೆ ಇತರರ ಗುಟ್ಟನ್ನು ಹೊರಗೆಡಹುವುದು. ಸೈನಿಕನು ತನ್ನ ಪಡೆ ಎಲ್ಲಿದೆ, ಎಷ್ಟಿದೆ, ನಾಳೆ ಎಲ್ಲಿಗೆ ಹೊರಡುತ್ತದೆ ಎಂಬುದನ್ನು ಮನೆಗೆ ಬರೆಯದಿರುವುದು ಸತ್ಯವ್ರತಕ್ಕೆ ಭಂಗವಲ್ಲ, ಅದರ ಪಾಲನೆಯೇ. ನಮ್ಮ ಸೇನೆಯ ಅಂಚೆ ವಿಳಾಸದಲ್ಲಿ ಊರಿನ ಹೆಸರಿಲ್ಲದೆ 56 ಎ.ಪಿ.ಒ., 99 ಎ.ಪಿ.ಒ. ಎಂದಿರುವುದು ಇದಕ್ಕಾಗಿಯೇ. ಅದು ಎಲ್ಲರೂ ಬಲ್ಲ ಮೌನ, ಅದರಲ್ಲಿ ಯಾರಿಗೂ ವಂಚನೆಯಿಲ್ಲ.

ಈಗ ಆ ಮನೆಯ ಪತ್ರಗಳನ್ನು ತೂಗಿ ನೋಡೋಣ. ಗಂಟಿನಲ್ಲಿ ಮೂರು ಬಗೆಯ ಅಸತ್ಯಗಳಿದ್ದವು. ಮೂರೂ ಒಂದೇ ತೂಕದವಲ್ಲ.

ಮೊದಲನೆಯದು ಗಾಯವನ್ನು ಮುಚ್ಚಿಟ್ಟದ್ದು. ಇಲ್ಲಿ ಮಗನಿಗೆ ಲಾಭವಿಲ್ಲ. ತಾಯಿ ತಿಳಿದರೂ ಅಲ್ಲಿಗೆ ಹೋಗಿ ಶುಶ್ರೂಷೆ ಮಾಡುವಂತಿರಲಿಲ್ಲ. ತಿಳಿದ ಫಲವಾಗಿ ಆರ್ತಧ್ಯಾನ ಒಂದೇ ಬೆಳೆಯುತ್ತಿತ್ತೆಂದು ಅವನು ಭಾವಿಸಿದನು. ಮೇಲಾಗಿ ತನ್ನ ಅಕ್ಷರವೊಂದರ ಮೇಲೆ ತಾಯಿಯ ಊಟ ನಿಂತಿದೆಯೆಂದು ಅವನು ಬಲ್ಲನು. ಇದನ್ನು ಕೂಟಲೇಖವೆನ್ನಲು ನನ್ನ ಮನಸ್ಸು ಒಪ್ಪದು, ಏಕೆಂದರೆ ಇದರಲ್ಲಿ ವಂಚಿಸಿ ಏನನ್ನೋ ಪಡೆಯುವ ಆಶಯವಿಲ್ಲ. ಆದರೂ ದೋಷ ಲೇಶವೂ ಇಲ್ಲವೆನ್ನಲಾರೆ. ವಿಪತ್ತು ತರುವ ಸತ್ಯವನ್ನು ಆಡದಿರು ಎಂದ ಆಚಾರ್ಯರು ಅದರ ಸ್ಥಾನದಲ್ಲಿ ಸುಳ್ಳನ್ನು ಕಟ್ಟು ಎನ್ನಲಿಲ್ಲ. ಮೌನಕ್ಕೂ ಮಿಥ್ಯೆಗೂ ನಡುವೆ ಒಂದು ಗೆರೆಯಿದೆ.

ಎರಡನೆಯದು ತಂದೆಯ ಕಾಯಿಲೆಯನ್ನು ಮುಚ್ಚಿಟ್ಟದ್ದು. ಮೇಲುನೋಟಕ್ಕೆ ಇದೂ ಮೊದಲನೆಯದರಂತೆಯೇ, ಪ್ರೇಮದಿಂದ ಹುಟ್ಟಿದ್ದು. ಆದರೆ ಒಂದು ಭೇದವಿದೆ. ತಾಯಿ ತಿಳಿದಿದ್ದರೂ ಮಗನಿಗಾಗಿ ಮಾಡುವುದು ಏನೂ ಇರಲಿಲ್ಲ. ಮಗ ತಿಳಿದಿದ್ದರೆ ರಜೆ ಕೇಳಬಹುದಾಗಿತ್ತು. ರಜೆ ದೊರೆಯದಿದ್ದರೂ ತಂದೆಗೆ ಒಂದು ಕೊನೆಯ ಪತ್ರ ಬರೆದು ಕ್ಷಮೆ ಬೇಡಬಹುದಾಗಿತ್ತು. ದೊರೆತಿದ್ದರೆ ಹಾಸಿಗೆಯ ಬಳಿ ಕುಳಿತು ಪಂಚನಮಸ್ಕಾರ ಮಂತ್ರವನ್ನು ಕೇಳಿಸಬಹುದಾಗಿತ್ತು. ಆ ಮೌನ ಮಗನಿಂದ ಅವನ ಕರ್ತವ್ಯವನ್ನೇ ಕಿತ್ತುಕೊಂಡಿತು. ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ ಶ್ರವಣಬೆಳಗೊಳದಲ್ಲಿ ಕತ್ತಲೆ ಬಸದಿಯನ್ನು ಕಟ್ಟಿಸಿದನು. ಅವನ ಮಗ ತಂದೆಗಾಗಿ ಹಳೇಬೀಡಿನಲ್ಲಿ ಕಟ್ಟಿಸಿದನು. ಬೇಲೂರಿನ ದೇವಾಲಯವನ್ನು ಕಟ್ಟಿಸಿದ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ, ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಕೈಕೊಂಡಳೆಂದು ಶಾಸನ ಹೇಳುತ್ತದೆ. ಹುಟ್ಟು ಸಾವುಗಳ ಸುದ್ದಿ ಮನುಷ್ಯನಿಗೆ ದುಃಖವನ್ನು ಮಾತ್ರವಲ್ಲ, ಮಾಡಬೇಕಾದ ಕಾರ್ಯವನ್ನೂ ತರುತ್ತದೆ. ಸುದ್ದಿಯನ್ನು ತಡೆದವರು ಆ ಕಾರ್ಯವನ್ನೂ ತಡೆದಂತೆ.

ಇಲ್ಲಿಂದ ನಮಗೆ ಒಂದು ಅಳತೆಗೋಲು ದೊರೆಯುತ್ತದೆ. ಯಾವ ಸತ್ಯವನ್ನು ತಿಳಿದು ಕೇಳುವವರು ಏನೂ ಮಾಡಲಾರರೋ, ಅದನ್ನು ಕಾಲ ಬರುವವರೆಗೆ ತಡೆದಿಡಬಹುದು. ಯಾವ ಸತ್ಯದಿಂದ ಅವರ ಪಾಲಿನ ಕರ್ತವ್ಯ ಎಚ್ಚರಗೊಳ್ಳುವುದೋ, ಅದನ್ನು ತಡೆಯುವ ಅಧಿಕಾರ ನಮ್ಮದಲ್ಲ, ಅದು ಪ್ರೇಮದ ಹೆಸರಿನಲ್ಲಿ ಬಂದರೂ ಸರಿಯೆ.

ಮೂರನೆಯದನ್ನು ಮಗನೇ ನನಗೆ ಹೇಳಿದರು. ಕಾವಲಿನ ಕೆಲಸದಲ್ಲಿ ರಾತ್ರಿಭೋಜನ ತ್ಯಾಗವನ್ನು ಪಾಲಿಸಲು ಅವರಿಗೆ ಸಾಧ್ಯವಾಗಿರಲಿಲ್ಲ. ಆದರೂ “ನಿಯಮ ತಪ್ಪಿಲ್ಲ” ಎಂದು ತಂದೆಗೆ ಬರೆಯುತ್ತಿದ್ದರು. “ಅಪ್ಪನಿಗೆ ನೋವಾಗಬಾರದೆಂದು ಬರೆದೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಅಪ್ಪನ ಕಣ್ಣಿನಲ್ಲಿ ನಾನು ಚಿಕ್ಕವನಾಗಬಾರದೆಂದು ಬರೆದದ್ದು” ಎಂದರು. ಇದಕ್ಕಿಂತ ಉತ್ತಮವಾದ ಆಲೋಚನೆಯನ್ನು ನಾನು ಕೇಳಿಲ್ಲ. ಮೂರರಲ್ಲಿ ಅತ್ಯಂತ ಚಿಕ್ಕದಾಗಿ ಕಾಣುವ ಈ ಸುಳ್ಳಿನಲ್ಲಿಯೇ ಮಾಯಾಕಷಾಯ ಹೆಚ್ಚು. ನಿಯಮ ತಪ್ಪಿದ್ದು ಪರಿಸ್ಥಿತಿಯ ದೋಷ, ತಪ್ಪಿಲ್ಲವೆಂದದ್ದು ತನ್ನದು. ಪರರ ಶಾಂತಿಗಾಗಿ ಹೇಳಿದ ಸುಳ್ಳು, ತನ್ನ ಮಾನಕ್ಕಾಗಿ ಹೇಳಿದ ಸುಳ್ಳು ಎರಡೂ ಒಂದೇ ಉಡುಪನ್ನು ತೊಟ್ಟು ಬರುತ್ತವೆ. ಬರೆದವನೇ ಒಳಹೊಕ್ಕು ನೋಡಿದ ಹೊರತು ಅವುಗಳ ಭೇದ ತಿಳಿಯದು.

ಹಾಗಾದರೆ ಯೋಧನು ತನ್ನ ಕೈಯಿಂದ ನಡೆದುಹೋದ ಹಿಂಸೆಯನ್ನೆಲ್ಲ ತಾಯಿತಂದೆಗಳಿಗೆ ಬರೆಯಬೇಕೆ? ಬೇಕಿಲ್ಲ. ಪ್ರತಿಯೊಂದು ಸತ್ಯಕ್ಕೂ ಅದರದರ ಸ್ಥಾನವಿದೆ. ಆ ಸತ್ಯ ಹೋಗಬೇಕಾದದ್ದು ಪ್ರತಿಕ್ರಮಣಕ್ಕೆ, ಗುರುಗಳ ಮುಂದಿನ ಆಲೋಚನೆಗೆ. ಮುನಿಗಳ ಮುಂದೆ ಇಳಿಸಬೇಕಾದ ಭಾರವನ್ನು ಮುಪ್ಪಿನ ತಾಯಿಯ ಮಡಿಲಿಗೆ ಹಾಕುವುದು ಸತ್ಯವ್ರತವಲ್ಲ. ಆದರೆ ಎಲ್ಲಿಯೂ ಇಳಿಸದೆ ಒಳಗೇ ಹೊರುವುದೂ ಧರ್ಮವಲ್ಲ. ಸೇನೆಯಿಂದ ಹಿಂದಿರುಗಿದ ನಮ್ಮ ಮಕ್ಕಳಿಗೆ ಹಾರ ಹಾಕಿ ಸನ್ಮಾನಿಸುವ ಬಸದಿಗಳ ಆಡಳಿತ ಮಂಡಲಿಗಳು, ತ್ಯಾಗಿಗಳ ಸಾನ್ನಿಧ್ಯದಲ್ಲಿ ಅವರು ನಿಶ್ಚಿಂತೆಯಿಂದ ಮಾತನಾಡುವ ಅವಕಾಶವನ್ನೂ ಕಲ್ಪಿಸಿದರೆ ಅದು ಹಾರಕ್ಕಿಂತ ದೊಡ್ಡ ಉಪಕಾರ.

ಇನ್ನು ತಾಯಿಯ ಪಾಲಿನ ಪ್ರಶ್ನೆ. ನಮ್ಮ ಧರ್ಮದಲ್ಲಿ ಕರ್ಮಾಸ್ರವವು ತಾನು ಮಾಡಿದ್ದರಿಂದ ಮಾತ್ರವಲ್ಲ, ಮಾಡಿಸಿದ್ದರಿಂದಲೂ ಅನುಮೋದಿಸಿದ್ದರಿಂದಲೂ ಆಗುತ್ತದೆ. ತಾಯಿ ತ್ಯಾಗವೆಂದು ಹಿಡಿದ ನಿಯಮ ಮಗನಿಗೆ ಸತ್ಯ ಬರೆಯುವ ದಾರಿಯನ್ನು ಮುಚ್ಚಿತು. ಈ ಮಾತನ್ನು ಹೇಳಲು ನನಗೆ ಸಂಕೋಚವಾಯಿತು. ಆಗ ನೆನಪಾದದ್ದು ಚಾವುಂಡರಾಯನ ತಾಯಿ ಕಾಳಲಾದೇವಿ. ಪೌದನಪುರದ ಬಾಹುಬಲಿಯನ್ನು ಕಾಣುವವರೆಗೆ ಹಾಲು ಮುಟ್ಟುವುದಿಲ್ಲವೆಂದು ಆಕೆ ನಿಯಮ ಹಿಡಿದಳೆಂಬ ಐತಿಹ್ಯವಿದೆ. ಪೌದನಪುರ ಯಾರೂ ತಲುಪಲಾಗದ ಸ್ಥಳವಾಗಿತ್ತು. ಮಗ ಯಾವುದೋ ಮೂರ್ತಿಯನ್ನು ತೋರಿಸಿ ‘ಅಮ್ಮಾ, ಇದೇ ಅದು’ ಎಂದಿದ್ದರೆ ತಾಯಿ ನಂಬುತ್ತಿದ್ದಳು. ಅವನು ಹಾಗೆ ಮಾಡಲಿಲ್ಲ. ಬೆಳಗೊಳದ ಬೆಟ್ಟದಲ್ಲಿ ಹೊಸ ಮೂರ್ತಿಯನ್ನೇ ಕಡೆಯಿಸಿ ಅದರ ದರ್ಶನ ಮಾಡಿಸಿದನು. ತಾಯಿಯ ನಿಯಮ ಮಗನನ್ನು ಇಕ್ಕಟ್ಟಿಗೆ ಸಿಕ್ಕಿಸಿದರೂ ಸುಳ್ಳೊಂದೇ ದಾರಿಯಲ್ಲ ಎಂಬುದು ಇದರ ಪಾಠ. ಆದರೆ ಎಲ್ಲ ಮಕ್ಕಳೂ ಚಾವುಂಡರಾಯರಲ್ಲ. ಗುಂಡೇಟು ತಿಂದು ಮಲಗಿದ ತರುಣನಿಂದ ಅಷ್ಟನ್ನು ಬಯಸುವುದು ನ್ಯಾಯವೂ ಅಲ್ಲ. ಆದುದರಿಂದ ಮನೆಯವರು ಒಳ್ಳೆಯ ಸುದ್ದಿಗೆ ಬೆಲೆ ಕಟ್ಟಬಾರದು. ‘ಕ್ಷೇಮವೆಂದು ಬರೆದರೆ ಮಾತ್ರ ಉಣ್ಣುತ್ತೇನೆ’ ಎನ್ನುವುದಕ್ಕಿಂತ, ‘ಏನಿದ್ದರೂ ಬರೆ, ನಾವು ತಾಳಿಕೊಳ್ಳುತ್ತೇವೆ’ ಎನ್ನುವುದೇ ದೊಡ್ಡ ತ್ಯಾಗ.

ನಾನು ಆ ತಾಯಿಯನ್ನು ಕೇಳಿದೆ: “ಆಗಲೇ ತಿಳಿದಿದ್ದರೆ ಏನು ಮಾಡುತ್ತಿದ್ದಿರಿ?” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅಳುತ್ತಿದ್ದೆ. ಆದರೆ ಅವನೊಬ್ಬನೇ ನರಳಿದ ಹಾಗೆ ಆಗುತ್ತಿರಲಿಲ್ಲವಲ್ಲ.”

ಈ ಉತ್ತರ ನನ್ನ ಅಳತೆಗೋಲನ್ನು ಸ್ವಲ್ಪ ತಿದ್ದಿತು. ತಾಯಿಗೆ ಮಾಡುವುದು ಏನೂ ಇರಲಿಲ್ಲವೆಂದು ನಾನು ಬರೆದೆ. ಮಗನ ನೋವಿನಲ್ಲಿ ಪಾಲುಗೊಳ್ಳುವುದೂ ತಾಯಿಯ ಕಾರ್ಯವೇ ಅಲ್ಲವೆ? ತಾಯಿತಂದೆಗಳು ನಾವು ಎಣಿಸಿದಷ್ಟು ದುರ್ಬಲರಲ್ಲ. ಹಾಗಿದ್ದರೆ ಮಗ ಬರೆಯಬೇಕಾಗಿದ್ದುದು ಪೂರ್ತಿ ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಹಿತಮಿತವಾದ ಸತ್ಯ. ‘ಕಾಲಿಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದೇನೆ, ವೈದ್ಯರು ನೋಡಿಕೊಳ್ಳುತ್ತಿದ್ದಾರೆ’ ಎಂಬ ಮೂರು ವಾಕ್ಯ ಸಾಕಾಗಿತ್ತು. ಹಳೆಯ ಆ ಮುದ್ರಿತ ಕಾರ್ಡು ಕೂಡ ಇಷ್ಟನ್ನು ಹೇಳಬಲ್ಲದಾಗಿತ್ತು. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ಆರಾಧ್ಯ ದೇವರು, ಜೈನ ವೀರನಾದರೆ ಜಿನಬಿಂಬ. ಸಾಂತ್ವನ ಹೇಳಬೇಕೆಂದು ಶಿಲ್ಪಿ ಕೆಳಗಿನ ಕಾಳಗವನ್ನು ಅಳಿಸಲಿಲ್ಲ. ನಡೆದದ್ದನ್ನು ನಡೆದಂತೆ ಇಟ್ಟು, ಸಾಂತ್ವನವನ್ನು ಅದರ ಮೇಲೆ ಇಟ್ಟನು.

ಈಗ ಇನ್‌ಲ್ಯಾಂಡ್ ಪತ್ರ ಅಪರೂಪ. ತಂತಿ ಸೇವೆ 2013ರಲ್ಲಿಯೇ ನಿಂತಿತು. ದೂರದೇಶಗಳಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗಳಲ್ಲಿರುವ ನಮ್ಮ ಯೋಧರು ಮೊಬೈಲಿನಲ್ಲಿ ಮುಖ ನೋಡಿಯೇ ಮಾತನಾಡುತ್ತಾರೆ. ಆದರೂ ‘ಚೆನ್ನಾಗಿದ್ದೇನೆ ಅಮ್ಮ’ ಎಂಬ ಮಾತು ಮೊದಲಿನಂತೆಯೇ ಬರುತ್ತದೆ. ಅದರ ಹಿಂದೆ ಏನಿದೆಯೆಂದು ಕೇಳುವ ಧೈರ್ಯ ಈ ಕಡೆಯವರಿಗಿದ್ದರೆ, ಹೇಳುವ ಧೈರ್ಯ ಆ ಕಡೆಯವರಿಗೆ ಬಂದೀತು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಆ ತಾಯಿಮಕ್ಕಳು ಬಸದಿಯಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಬೇಡಿದರು. ತಾಯಿ ತಂದೆಯ ಕಾಯಿಲೆಯನ್ನು ಬರೆಯಗೊಡದ್ದಕ್ಕೆ, ಮಗ ತನ್ನ ಎರಡು ಬಗೆಯ ಪತ್ರಗಳಿಗೆ. ಗಂಟನ್ನು ಏನು ಮಾಡುವಿರೆಂದು ಕೇಳಿದೆ. ಸುಡುವುದಿಲ್ಲವೆಂದರು. ಮೊಮ್ಮಗ ಸೇನೆಗೆ ಸೇರುವ ಆಸೆಯಲ್ಲಿದ್ದಾನಂತೆ. ಅವನಿಗೆ ಓದಿಸಿ, ಯಾವುದನ್ನು ಹೀಗೆ ಬರೆಯಬಾರದೆಂದು ಹೇಳಿಕೊಡುತ್ತಾರಂತೆ.